ಶೆನ್ಯಾನಿಗನ್ಸೋ, ಸ್ಕಲ್‌ಡಗರಿಯೋ? ಯಾವ ಕಿತಾಪತಿಗೆ ಯಾವ ಇಂಗ್ಲಿಷ್ ಪದ

ಇದು ಶುರುವಾಗಿದ್ದು ನಮ್ಮ ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕರ್ ಲೆಕ್ಕದಿಂದ. ಮಾರ್ಚ್ ತಿಂಗಳ ಬಿಲ್ಲಿನಲ್ಲಿ 31 ಟ್ಯಾಂಕರ್ ಅಂತ ಇತ್ತು. ಗೇಟಿನ ವಾಚ್‌ಮನ್ ಬರೆದಿಡುವ ಪುಸ್ತಕದಲ್ಲಿ ಎಣಿಸಿದರೆ 22. ಸರಿ, ಅಸೋಸಿಯೇಷನ್ನಿಗೆ ಒಂದು ಪತ್ರ ಬರೆಯೋಣ ಅಂತ ಕೂತೆ. ನಮ್ಮಲ್ಲಿ ಏಳೆಂಟು ಭಾಷೆಯವರು ಇದ್ದಾರೆ, ಹಾಗಾಗಿ ಪತ್ರ ಇಂಗ್ಲಿಷಿನಲ್ಲೇ ಇರಬೇಕು. 'ದಯವಿಟ್ಟು ಈ ಶೆನ್ಯಾನಿಗನ್ಸ್ ನಿಲ್ಲಿಸಿ' ಎಂದು ಬರೆದು ಓದಿಕೊಂಡೆ. ನನಗೇ ನಗು ಬಂತು. ಒಂಬತ್ತು ಟ್ಯಾಂಕರ್ ದುಡ್ಡು ಹೋಗಿದೆ, ನನ್ನ ಪತ್ರ ನೋಡಿದರೆ ಯಾರೋ ಮಕ್ಕಳು ಲಿಫ್ಟಿನ ಎಲ್ಲ ಬಟನ್ ಒತ್ತಿ ಓಡಿಹೋದ ಹಾಗಿದೆ.

ಅದನ್ನು ಅಳಿಸಿ 'ಸ್ಕಲ್‌ಡಗರಿ' ಎಂದು ಹಾಕಿದೆ. ಈಗ ಖಜಾಂಚಿಯವರು ಪಾರ್ಕಿಂಗ್ ಜಾಗದಲ್ಲಿ ಹೆಣ ಹೂತಿಟ್ಟ ಹಾಗೆ ಕೇಳಿಸಿತು. ಇನ್ನು 'ಹ್ಯಾಂಕಿ ಪ್ಯಾಂಕಿ'? ಅದನ್ನಂತೂ ಈ ಜನ್ಮದಲ್ಲಿ ನಾನು ಇನ್ನೊಮ್ಮೆ ಬಳಸುವುದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೋಸಕ್ಕೆ ಇಂಗ್ಲಿಷಿನಲ್ಲಿ ಇಂಥ ತಮಾಷೆ ಸದ್ದಿನ ಪದಗಳು ಒಂದು ಡಜನ್ ಆದರೂ ಇವೆ. ನಿಘಂಟು ತೆಗೆದರೆ ಎಲ್ಲದರ ಮುಂದೆಯೂ ಅದೇ ಮೋಸ, ವಂಚನೆ, ತಂತ್ರ. ಅದರಿಂದ ಏನು ಉಪಯೋಗ? ಕನ್ನಡದಲ್ಲಾದರೆ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಮ್ಮ ಚಪ್ಪಲಿ ಬಚ್ಚಿಟ್ಟರೆ ಕಿತಾಪತಿ. ಚೀಟಿ ದುಡ್ಡು ಎತ್ತಿಕೊಂಡು ಊರು ಬಿಟ್ಟವನು ಹಾಕಿದ್ದು ಪಂಗನಾಮ. ಸರ್ಕಾರ ಉರುಳಿಸಲು ರೆಸಾರ್ಟಿನಲ್ಲಿ ಕೂತು ಮಾಡುವುದು ಮಸಲತ್ತು. ಪಂಗನಾಮ ಅನ್ನಬೇಕಾದ ಕಡೆ ಕಿತಾಪತಿ ಅಂದು ನೋಡಿ, ಚೀಟಿ ಕಟ್ಟಿದವರು ಹೊಡೆಯಲು ಬರುತ್ತಾರೆ. ಈ ವಾಸನೆ ಹಿಡಿಯುವ ಮೂಗು ಇಂಗ್ಲಿಷಿನ ವಿಷಯದಲ್ಲಿ ನಮ್ಮಲ್ಲಿ ಜಾಸ್ತಿ ಜನಕ್ಕೆ ಇಲ್ಲ, ಯಾಕೆಂದರೆ ನಾವು ಈ ಪದಗಳನ್ನು ಕಲಿತದ್ದು ಜಗಳ ಆಡುತ್ತಾ ಅಲ್ಲ, ಪುಸ್ತಕ ಓದುತ್ತಾ.

ನಾನು ಕಂಡುಕೊಂಡ ಲೆಕ್ಕ ಒಂದೇ. ಮೋಸ ಹೋದವರು ನೀವು ಬಳಸಿದ ಪದ ಕೇಳಿದರೆ ನಗುತ್ತಾರಾ, ಸಿಟ್ಟಾಗುತ್ತಾರಾ? ಅದನ್ನು ನೋಡಿಕೊಂಡು ಪದ ಆರಿಸಿ.

ಅವಸರದಲ್ಲಿರುವವರಿಗೆ ಇಷ್ಟು ಸಾಕು: ಇಬ್ಬರೂ ನಗುವಂಥದ್ದಾದರೆ ಶೆನ್ಯಾನಿಗನ್ಸ್, ಕತ್ತಲಲ್ಲಿ ಸೇರಿ ಮಾಡಿದ ಪಿತೂರಿಯಾದರೆ ಸ್ಕಲ್‌ಡಗರಿ, ಕಾಗದದಲ್ಲೋ ಅಂಕಿಯಲ್ಲೋ ಕೈಚಳಕ ತೋರಿಸಿದ್ದರೆ ಜಿಗರಿ ಪೋಕರಿ, ಮಾತಿನಲ್ಲಿ ತಲೆ ತಿರುಗಿಸಿ ಯಾಮಾರಿಸಿದ್ದರೆ ಬ್ಯಾಂಬೂಜಲ್. ಹ್ಯಾಂಕಿ ಪ್ಯಾಂಕಿ ಯಾವುದಕ್ಕೂ ಬೇಡ. ಪುರುಸೊತ್ತಿರುವವರು ಮುಂದೆ ಓದಿ.

ಶೆನ್ಯಾನಿಗನ್ಸ್

ಏನೂ ತೋಚದಿದ್ದರೆ ಇದನ್ನೇ ಹಿಡಿಯಿರಿ. ಕನ್ನಡದಲ್ಲಿ ಕಿತಾಪತಿ, ತರಲೆ, ಚೇಷ್ಟೆ, ಸ್ವಲ್ಪ ಮಟ್ಟಿಗೆ ಗೋಲ್‌ಮಾಲ್, ಇವಿಷ್ಟನ್ನೂ ಇದೊಂದೇ ಪದ ಹೊರುತ್ತದೆ. 1855ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೊದಲು ಅಚ್ಚಿನಲ್ಲಿ ಕಾಣಿಸಿಕೊಂಡ ಪದ ಇದು. ಅಲ್ಲಿ ಚಿನ್ನದ ಹುಚ್ಚು ಹತ್ತಿ ಆಗ ಸುಮಾರು ಏಳು ವರ್ಷ ಆಗಿತ್ತು ಮತ್ತು ಹತ್ತಾರು ದೇಶದವರು ಒಂದೇ ಹೊಳೆಯ ಮರಳು ಸೋಸುತ್ತಾ ಒಬ್ಬರಿಗೊಬ್ಬರು ಟೋಪಿ ಹಾಕಿಕೊಂಡು ಬದುಕುತ್ತಿದ್ದರು, ಹಾಗಾಗಿ ಪದ ಯಾವ ಭಾಷೆಯಿಂದ ಬಂತು ಅಂದರೆ ಒಬ್ಬೊಬ್ಬರು ಒಂದೊಂದು ಕತೆ ಹೇಳುತ್ತಾರೆ. ಐರಿಷ್ ಭಾಷೆಯಲ್ಲಿ 'ನರಿಯ ಆಟ ಆಡು' ಎನ್ನುವ ಅರ್ಥದ ಮಾತೊಂದಿದೆ, ಅದರಿಂದ ಅಂತ ಕೆಲವರು. ಮೋಸ ಎನ್ನುವುದಕ್ಕೆ ಸ್ಪ್ಯಾನಿಷ್‌ನಲ್ಲಿರುವ ಚನಾದ ಎಂಬ ಪದದಿಂದ ಅಂತ ಇನ್ನು ಕೆಲವರು. ನನಗೆ ನರಿಯ ಕತೆಯೇ ಇಷ್ಟ, ನಮ್ಮ ನರಿಬುದ್ಧಿಗೆ ನೆಂಟಸ್ತಿಕೆ ಸಿಗುತ್ತದೆ ಅಂತ. ಆದರೆ ನಮಗೆ ಇಷ್ಟ ಅಂದ ಮಾತ್ರಕ್ಕೆ ಅದು ನಿಜ ಆಗಬೇಕಲ್ಲ.

ಬಳಸುವಾಗ ಬಹುವಚನದಲ್ಲೇ ಬಳಸಿ. 'ಒಂದು ಶೆನ್ಯಾನಿಗನ್' ಅಂದರೆ ತಪ್ಪೇನಲ್ಲ, ಆದರೆ ಒಂದೇ ಒಂದು ತರಲೆ ಮಾಡಿ ಸುಮ್ಮನಾದವರು ಯಾರಿದ್ದಾರೆ? ಹಾಸ್ಟೆಲಿನಲ್ಲಿ ವಾರ್ಡನ್ ಮಲಗಿದ ಮೇಲೆ ನಡೆಯುವುದೆಲ್ಲ ಇದೇ. ಮದುವೆಮನೆಯಲ್ಲಿ ಗಂಡಿನ ಚಪ್ಪಲಿ ಕದಿಯುವುದೂ ಇದೇ.

ವಿಚಿತ್ರ ಏನೆಂದರೆ ಲೆಕ್ಕಪತ್ರದವರೂ ಈ ಪದ ಬಳಸುತ್ತಾರೆ. ಬರಬೇಕಾದ ದುಡ್ಡನ್ನು ಬಂದಿದೆ ಎಂದು ಈ ವರ್ಷವೇ ತೋರಿಸುವುದು, ಖರ್ಚನ್ನು ಮುಂದಿನ ವರ್ಷಕ್ಕೆ ತಳ್ಳುವುದು, ಇಂಥ ಲಾಭ ಉಬ್ಬಿಸುವ ಆಟಗಳಿಗೆ 'ಅಕೌಂಟಿಂಗ್ ಶೆನ್ಯಾನಿಗನ್ಸ್' ಎನ್ನುತ್ತಾರೆ. ಇಲ್ಲಿ ಒಂದು ಗೆರೆ ಇದೆ. ನಿಯಮವನ್ನು ರಬ್ಬರಿನ ಹಾಗೆ ಎಳೆಯುವವರೆಗೆ ಶೆನ್ಯಾನಿಗನ್ಸ್, ರಬ್ಬರ್ ಹರಿದ ಮೇಲೆ ಅಲ್ಲ. ಸತ್ಯಂ ಎಂಬ ಸಾಫ್ಟ್‌ವೇರ್ ಕಂಪನಿಯ ವಿಷಯ ನೆನಪಿದೆಯಲ್ವಾ? 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಹಣದಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಅದನ್ನು ಶೆನ್ಯಾನಿಗನ್ಸ್ ಎಂದು ಕರೆದರೆ ಷೇರಿನಲ್ಲಿ ದುಡ್ಡು ಕಳೆದುಕೊಂಡವರ ಎದುರು ನಕ್ಕ ಹಾಗೆ. ಅಲ್ಲಿ ಫ್ರಾಡ್ ಅನ್ನಬೇಕು, ಅಷ್ಟೇ. ತಮಾಷೆ ಪದಗಳಿಗೆ ಅಲ್ಲಿ ಕೆಲಸ ಇಲ್ಲ.

ಸ್ಕಲ್‌ಡಗರಿ

ಸದ್ದು ಕೇಳಿದರೆ ತಲೆಬುರುಡೆ, ಗುಂಡಿ, ಅಗೆತ ಎಲ್ಲ ಕಣ್ಣ ಮುಂದೆ ಬರುತ್ತದೆ. ಒಂದಕ್ಕೂ ಸಂಬಂಧ ಇಲ್ಲ. ಪದದ ಮೂಲ ಸ್ಕಾಟ್‌ಲೆಂಡಿನದು. ಅಲ್ಲಿ ಹದಿನೆಂಟನೆಯ ಶತಮಾನದಲ್ಲಿ 'ಸ್ಕಲ್‌ಡಡರಿ' ಎಂದರೆ ಗಂಡು ಹೆಣ್ಣಿನ ಕದ್ದುಮುಚ್ಚಿದ ಸಂಬಂಧ, ಹೊಲಸು ಮಾತು, ಇಂಥದ್ದು. ಅಮೆರಿಕಕ್ಕೆ ಹೋಗಿ, ನಾಲಿಗೆ ಹೊರಳಿ, 1850ರ ದಶಕದ ಹೊತ್ತಿಗೆ ಸ್ಕಲ್‌ಡಗರಿಯಾಗಿ, ಒಳಸಂಚು ಎಂಬ ಅರ್ಥ ಪಡೆಯಿತು. ತಲೆಬುರುಡೆಯ ನೆನಪು ಎಷ್ಟು ಗಟ್ಟಿ ಅಂದರೆ, ಜನ ಇದನ್ನು ಎರಡು 'ಎಲ್' ಹಾಕಿಯೂ ಬರೆಯುತ್ತಾರೆ, ಅದೂ ನಿಘಂಟಿನಲ್ಲಿ ಸೇರಿಬಿಟ್ಟಿದೆ. ನಮಗೆ ಇದರಲ್ಲಿ ನಗಲು ಇನ್ನೊಂದು ಕಾರಣ ಇದೆ: ಕನ್ನಡದಲ್ಲಿ ಬುರುಡೆಗೂ ಸುಳ್ಳಿಗೂ ನಿಜವಾಗಿಯೇ ನಂಟು. ಬುರುಡೆ ಬಿಡಬೇಡ ಅಂತ ದಿನಾ ಹೇಳುತ್ತೇವಲ್ಲ.

ಸ್ಕಲ್‌ಡಗರಿಗೆ ಮೂರು ಸಾಮಾನು ಬೇಕು. ಗುಟ್ಟು, ಯೋಜನೆ, ಮತ್ತು ಸಾಮಾನ್ಯವಾಗಿ ಒಬ್ಬರಿಗಿಂತ ಜಾಸ್ತಿ ಜನ. 1972ರ ಜೂನ್‌ನಲ್ಲಿ ವಾಷಿಂಗ್ಟನ್ನಿನ ವಾಟರ್‌ಗೇಟ್ ಕಟ್ಟಡದಲ್ಲಿದ್ದ ಡೆಮಾಕ್ರಟಿಕ್ ಪಕ್ಷದ ಕಚೇರಿಗೆ ಐದು ಜನ ರಾತ್ರಿ ನುಗ್ಗಿ, ಮಾತು ಕದ್ದು ಕೇಳುವ ಉಪಕರಣಗಳ ಸಮೇತ ಸಿಕ್ಕಿಬಿದ್ದರಲ್ಲ, ಅದು ಅಚ್ಚುಕಟ್ಟಾದ ಸ್ಕಲ್‌ಡಗರಿ. ನಮ್ಮ ಹುನ್ನಾರ, ಮಸಲತ್ತು, ಕಾರಸ್ಥಾನ ಇವೆಲ್ಲ ಈ ಪದದ ಪಕ್ಕದ ಮನೆಯವು. ರಾಜಕೀಯದ ಸುದ್ದಿಯಲ್ಲಿ, ಕಂಪನಿ ಬೋರ್ಡುಗಳ ಜಗಳದಲ್ಲಿ, ಚುನಾವಣೆಯ ವರದಿಯಲ್ಲಿ ಇದನ್ನು ಧೈರ್ಯವಾಗಿ ಬಳಸಬಹುದು. ಮಕ್ಕಳ ತುಂಟಾಟಕ್ಕೆ ಬಳಸಿದರೆ ಬೇಕೆಂದೇ ಉತ್ಪ್ರೇಕ್ಷೆ ಮಾಡಿದಂತೆ, ಅದೂ ಒಂದು ಹಾಸ್ಯವೇ, ಆದರೆ ಎದುರಿನವರಿಗೆ ನೀವು ತಮಾಷೆ ಮಾಡುತ್ತಿದ್ದೀರಿ ಅಂತ ಗೊತ್ತಾಗಬೇಕು.

ಕ್ರಿಕೆಟ್ ಇಟ್ಟುಕೊಂಡು ಪರೀಕ್ಷೆ ಮಾಡೋಣ. 2018ರ ಮಾರ್ಚ್, ಕೇಪ್‌ಟೌನ್ ಟೆಸ್ಟ್. ಆಸ್ಟ್ರೇಲಿಯಾದ ಬ್ಯಾಂಕ್ರಾಫ್ಟ್ ಚೆಂಡು ಉಜ್ಜಿ, ಕೈಯಲ್ಲಿದ್ದ ಹಳದಿ ಬಣ್ಣದ್ದೇನನ್ನೋ ಪ್ಯಾಂಟಿನೊಳಗೆ ತುರುಕಿಕೊಂಡದ್ದನ್ನು ಕ್ಯಾಮೆರಾ ಹಿಡಿಯಿತು. ಅಂಪೈರ್‌ಗಳು ಬಂದು ಕೇಳಿದರೆ ಜೇಬಿನಿಂದ ಕನ್ನಡಕದ ಕಪ್ಪು ಬಟ್ಟೆ ತೆಗೆದು ತೋರಿಸಿದರು. ಆಮೇಲೆ ಅದು ಟೇಪು ಅಂದರು. ಕೊನೆಗೆ ಸ್ಯಾಂಡ್‌ಪೇಪರ್ ಅಂತ ಗೊತ್ತಾಯಿತು. ನಾಯಕ ಸ್ಮಿತ್, ಉಪನಾಯಕ ವಾರ್ನರ್‌ಗೆ 12 ತಿಂಗಳು, ಬ್ಯಾಂಕ್ರಾಫ್ಟ್‌ಗೆ 9 ತಿಂಗಳು ನಿಷೇಧ. ಇದು ಶೆನ್ಯಾನಿಗನ್ಸ್ ಅಲ್ಲವೇ ಅಲ್ಲ. ಮೊದಲೇ ಮಾತಾಡಿಕೊಂಡದ್ದು, ಬಚ್ಚಿಟ್ಟದ್ದು, ಸುಳ್ಳು ಹೇಳಿದ್ದು ಎಲ್ಲ ಇರುವುದರಿಂದ ಸ್ಕಲ್‌ಡಗರಿ.

ಅದರೊಳಗೇ ಇನ್ನೊಂದು ಪದ ಅಡಗಿದೆ. ಅಂಪೈರ್‌ಗೆ ಬೇರೆ ಬಟ್ಟೆ ತೋರಿಸಿದರಲ್ಲ, ಅದು ಹುಡ್‌ವಿಂಕ್. ಹಳೆಯ ಇಂಗ್ಲಿಷಿನಲ್ಲಿ ವಿಂಕ್ ಅಂದರೆ ಈಗಿನ ಹಾಗೆ ಕಣ್ಣು ಹೊಡೆಯುವುದಲ್ಲ, ಕಣ್ಣು ಮುಚ್ಚುವುದು. ಹುಡ್ ಅಂದರೆ ಮುಸುಕು. ಮುಸುಕು ಹಾಕಿ ಕಣ್ಣು ಮುಚ್ಚಿಸುವುದು, ಅಂದರೆ ಅಕ್ಷರಶಃ ನಮ್ಮ ಕಣ್ಕಟ್ಟು! ಎರಡು ಭಾಷೆ, ಒಂದಕ್ಕೊಂದು ಮುಖ ನೋಡದೆ, ಒಂದೇ ಚಿತ್ರ ಬಿಡಿಸಿವೆ.

ಇನ್ನು 1981ರ ಫೆಬ್ರವರಿ 1, ಮೆಲ್ಬರ್ನ್. ಕೊನೆಯ ಚೆಂಡಿಗೆ ನ್ಯೂಜಿಲೆಂಡಿಗೆ ಸಿಕ್ಸರ್ ಬೇಕು, ಟೈ ಮಾಡಿಕೊಳ್ಳಲು. ಆಸ್ಟ್ರೇಲಿಯಾದ ನಾಯಕ ಗ್ರೆಗ್ ಚಾಪೆಲ್ ತಮ್ಮ ಟ್ರೆವರ್‌ಗೆ ಚೆಂಡನ್ನು ನೆಲದ ಮೇಲೆ ಉರುಳಿಸಲು ಹೇಳಿದರು, ಅವರು ಉರುಳಿಸಿದರು. ಆಗಿನ ನಿಯಮದಲ್ಲಿ ತಪ್ಪಿರಲಿಲ್ಲ. ಅಂಪೈರಿಗೆ ಮೊದಲೇ ಹೇಳಿ, ಇಡೀ ಮೈದಾನದ ಎದುರೇ ಮಾಡಿದರು. ಗುಟ್ಟೇ ಇಲ್ಲ, ಹಾಗಾಗಿ ಸ್ಕಲ್‌ಡಗರಿ ಹೊಂದುವುದಿಲ್ಲ. ನಗು ಬರುವಂಥದ್ದೂ ಅಲ್ಲ, ಹಾಗಾಗಿ ಶೆನ್ಯಾನಿಗನ್ಸ್ ಕೂಡ ಸಡಿಲ ಅಂಗಿಯ ಹಾಗೆ ಜೋತಾಡುತ್ತದೆ. ಕೆಲವು ಸಲ ಈ ಗುಂಪಿನ ಯಾವ ಪದವೂ ಹೊಂದುವುದಿಲ್ಲ. ನಮ್ಮ 'ಮರ್ಯಾದೆಗೆಟ್ಟ ಆಟ' ಎನ್ನುವುದೇ ಅದಕ್ಕೆ ಸರಿ.

ಹ್ಯಾಂಕಿ ಪ್ಯಾಂಕಿ, ಅಥವಾ ನನ್ನ ಮಾನ ಹೋದ ಕತೆ

ಬಹಳ ವರ್ಷದ ಹಿಂದಿನ ಮಾತು. ನಾನು ಆಗ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೆ. ಅಮೆರಿಕದ ಗಿರಾಕಿಗಳ ಜೊತೆ ರಾತ್ರಿ ಎಂಟೂವರೆಗೆ ಕಾಲ್. ಟೆಸ್ಟ್ ಫಲಿತಾಂಶದ ಅಂಕಿಗಳು ಬಹಳ ಚೆನ್ನಾಗಿವೆಯಲ್ಲ, ಹೇಗೆ, ಅಂತ ಆ ಕಡೆಯಿಂದ ಒಬ್ಬರು ಅನುಮಾನದಲ್ಲಿ ಕೇಳಿದರು. ನಾನು ಗತ್ತಿನಿಂದ ಹೇಳಿದೆ: ನಮ್ಮ ಟೀಮಿನಲ್ಲಿ ಹ್ಯಾಂಕಿ ಪ್ಯಾಂಕಿ ನಡೆಯುವುದಿಲ್ಲ, ನಾನೂ ನಮ್ಮ ಮ್ಯಾನೇಜರ್ ಇಬ್ಬರೇ ಕೂತು ರಾತ್ರಿಯೆಲ್ಲ ನೋಡಿದ್ದೇವೆ.

ಎರಡು ಸೆಕೆಂಡು ಮೌನ. ಆಮೇಲೆ ಯಾರೋ ಮ್ಯೂಟ್ ಮಾಡಿಕೊಂಡ ಟಿಕ್ ಸದ್ದು. ಇನ್ನೊಬ್ಬರು ಮ್ಯೂಟ್ ಮಾಡಿಕೊಳ್ಳುವುದು ತಡವಾಗಿ ಅರ್ಧ ನಗು ಕೇಳಿಸಿಬಿಟ್ಟಿತು. ಪಕ್ಕದಲ್ಲಿದ್ದ ಮ್ಯಾನೇಜರ್ ಕಿವಿ ಕೆಂಪಾಗಿತ್ತು.

ನಮ್ಮಲ್ಲಿ ಹಳೆಯ ಆಫೀಸರುಗಳು ಟೆಂಡರ್, ಫೈಲು, ಲಂಚದ ವಿಷಯಕ್ಕೆ ಹ್ಯಾಂಕಿ ಪ್ಯಾಂಕಿ ಅನ್ನುವುದನ್ನು ಕೇಳಿಯೇ ನಾನು ಬೆಳೆದದ್ದು. ಅವರದ್ದೇನೂ ತಪ್ಪಿಲ್ಲ. 1841ರಲ್ಲಿ ಲಂಡನ್ನಿನ ಪಂಚ್ ಪತ್ರಿಕೆಯಲ್ಲಿ ಈ ಮಾತು ಕಾಣಿಸಿಕೊಂಡಾಗ ಅದರ ಅರ್ಥ ಕೈಚಳಕ, ಮೋಸ ಎಂದೇ ಇತ್ತು. ಇಪ್ಪತ್ತನೆಯ ಶತಮಾನದಲ್ಲಿ ಅದು ಮಲಗುವ ಕೋಣೆಗೆ ಹೊಕ್ಕಿತು. ಈಗ ಅಲ್ಲಿನವರ ಕಿವಿಗೆ ಮೊದಲು ಬೀಳುವುದು ಆ ಅರ್ಥವೇ. ಸ್ಕಲ್‌ಡಗರಿ ಇದರ ಉಲ್ಟಾ ದಾರಿ ಹಿಡಿದಿತ್ತು ಅನ್ನುವುದನ್ನು ಗಮನಿಸಿ. ಅದು ಹಾಸಿಗೆಯಿಂದ ಹೊರಟು ರಾಜಕೀಯಕ್ಕೆ ಬಂತು, ಇದು ಗಾರುಡಿಗನ ಮೇಜಿನಿಂದ ಹೊರಟು ಹಾಸಿಗೆಗೆ ಹೋಯಿತು. ಎಲ್ಲೋ ದಾರಿಯಲ್ಲಿ ಎರಡೂ ಎದುರಾಗಿ ನಮಸ್ಕಾರ ಹೇಳಿಕೊಂಡಿರಬೇಕು.

ಊರಿನ ಒಳಗೆ, ಹಿರಿಯರ ಜೊತೆ, ಫೈಲಿನ ವಿಷಯಕ್ಕೆ ನೀವು ಇದನ್ನು ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಇಮೇಲಿನಲ್ಲಿ, ಹೊರದೇಶದವರ ಎದುರು, ಅದರಲ್ಲೂ ಗಂಡು ಹೆಣ್ಣು ಇಬ್ಬರ ಹೆಸರು ಬರುವ ವಾಕ್ಯದಲ್ಲಿ, ಬೇಡ. ನನ್ನ ಮಾತು ಕೇಳಿ.

ಜಿಗರಿ ಪೋಕರಿ

ಈ ಗುಂಪಿನಲ್ಲಿ ನನಗೆ ಅತಿ ಪ್ರೀತಿಯ ಪದ, ಕಾರಣ ಬರೀ ಕನ್ನಡದ ಕಿವಿ. ನಮಗೆ ಇದು 'ಜಿಗ್ರಿ ಪೋಕರಿ' ಎಂದೇ ಕೇಳಿಸುತ್ತದೆ. ಜಿಗ್ರಿ ದೋಸ್ತು ಆಗಿದ್ದೂ ಪೋಕರಿಯಾಗಿರುವ ಒಬ್ಬ ಎಲ್ಲರ ಜೀವನದಲ್ಲೂ ಇರುತ್ತಾನೆ, ಅಲ್ವಾ? ಸಂಬಂಧ ಏನೂ ಇಲ್ಲ ಬಿಡಿ. ಸ್ಕಾಟ್‌ಲೆಂಡಿನ ಹಳೆಯ 'ಜೂಕರಿ ಪಾಕರಿ' ಎನ್ನುವ ಜೋಡಿಪದದಿಂದ ಬಂದದ್ದು ಇದು. ಜೂಕ್ ಎಂದರೆ ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳುವುದು, ಪಾಕ್ ಎಂದರೆ ತಂತ್ರ.

ಬ್ರಿಟಿಷರ ಬಾಯಲ್ಲಿ ಇದು ಸಲೀಸು. ಅಮೆರಿಕದಲ್ಲಿ ಅಪರೂಪ, ಎಷ್ಟು ಅಪರೂಪ ಅಂದರೆ 2015ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಆಂಟೊನಿನ್ ಸ್ಕಲೀಯ ತಮ್ಮ ಭಿನ್ನಮತದ ತೀರ್ಪಿನಲ್ಲಿ ಈ ಪದ ಬರೆದಾಗ ಜನ ನಿಘಂಟಿಗೆ ಮುಗಿಬಿದ್ದರು. ಒಬಾಮಾ ಕಾಲದ ಆರೋಗ್ಯ ವಿಮೆ ಕಾನೂನಿನ ಮೊಕದ್ದಮೆ ಅದು. 'ರಾಜ್ಯ ಸ್ಥಾಪಿಸಿದ' ವಿಮಾ ಮಾರುಕಟ್ಟೆ ಎಂದು ಕಾನೂನಿನಲ್ಲಿ ಬರೆದಿದ್ದರೆ, ಕೇಂದ್ರ ಸರ್ಕಾರ ಸ್ಥಾಪಿಸಿದ್ದೂ ಅದರಲ್ಲಿ ಸೇರುತ್ತದೆಯೇ ಎನ್ನುವುದು ಪ್ರಶ್ನೆ. ಆರು ನ್ಯಾಯಮೂರ್ತಿಗಳು ಸೇರುತ್ತದೆ ಅಂದರು, ಮೂವರು ಇಲ್ಲ ಅಂದರು. ಬಹುಮತದವರು ಪದಗಳ ಅರ್ಥ ತಿರುಚಿದ ರೀತಿಯನ್ನು ಸ್ಕಲೀಯ ಜಿಗರಿ ಪೋಕರಿ ಎಂದು ಕರೆದರು. ತೀರ್ಪು ಸರಿಯೋ ತಪ್ಪೋ ಬೇರೆ ಮಾತು. ಪದ ಮಾತ್ರ ಬೀಳಬೇಕಾದ ಜಾಗದಲ್ಲೇ ಬಿದ್ದಿತ್ತು. ಯಾರ ಜೇಬಿಗೂ ಕೈ ಹಾಕದೆ, ಕಾಗದದ ಮೇಲೆ, ಅಕ್ಷರ ಅಂಕಿಗಳನ್ನು ಅತ್ತಿತ್ತ ಸರಿಸಿ ಬೇಕಾದ ಉತ್ತರ ಬರುವಂತೆ ಮಾಡುವುದಕ್ಕೇ ಇರುವ ಪದ ಇದು. ನಮ್ಮಲ್ಲಿ 'ಅದೇನೋ ಕರಾಮತ್ತು ಮಾಡಿ ಲೆಕ್ಕ ಕೂರಿಸಿದ್ದಾನೆ' ಅನ್ನುತ್ತೇವಲ್ಲ, ಆ ಕರಾಮತ್ತು.

ಬ್ಯಾಂಬೂಜಲ್

ಇಲ್ಲಿಯವರೆಗಿನ ಮುಖ್ಯ ಪದಗಳೆಲ್ಲ ನಾಮಪದ. ಯಾಮಾರಿಸಿದರು, ಯಾಮಾರಿದೆ ಅಂತ ಹೇಳಲು ಕ್ರಿಯಾಪದ ಬೇಕಲ್ಲ. ಹುಡ್‌ವಿಂಕ್ ಇದೆ, ಆದರೆ ಅದು ಸ್ವಲ್ಪ ಪತ್ರಿಕೆ ಭಾಷೆ. ಬಾಯಿಮಾತಿಗೆ ಬ್ಯಾಂಬೂಜಲ್. ಇದರ ವಿಶೇಷ ಏನೆಂದರೆ ಮೋಸ ಹೋದವರೇ ತಮ್ಮ ಬಗ್ಗೆ ನಗುತ್ತಾ ಹೇಳಿಕೊಳ್ಳಬಹುದು.

ನನ್ನದೇ ಉದಾಹರಣೆ. ಮಿಕ್ಸಿ ತರಲು ಹೋದವಳು ನೀರಿನ ಫಿಲ್ಟರ್ ಹೊತ್ತು ತಂದೆ. ಅಂಗಡಿಯ ಹುಡುಗ ಎರಡು ಗಾಜಿನ ಲೋಟ ಇಟ್ಟ. ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಅವನ ಮಷಿನ್ನಿನ ನೀರು. ಕಡ್ಡಿಗಳಿರುವ ಒಂದು ಸಣ್ಣ ಉಪಕರಣ ಎರಡಕ್ಕೂ ಅದ್ದಿ ಸ್ವಿಚ್ ಹಾಕಿದ. ಅರ್ಧ ನಿಮಿಷದಲ್ಲಿ ನಲ್ಲಿ ನೀರು ಹಳದಿಯಾಗಿ, ಕಂದಾಗಿ, ಮೇಲೆ ಕೆಸರಿನಂಥ ನೊರೆ ತೇಲಿತು. 'ಅಕ್ಕಾ, ನೀವು ದಿನಾ ಮಕ್ಕಳಿಗೆ ಕುಡಿಸ್ತಿರೋದು ಇದೇ' ಅಂದ. ಮಷಿನ್ನಿನ ನೀರು ಕನ್ನಡಿಯ ಹಾಗೆ ಇತ್ತು. ನಾನು ಅಲ್ಲೇ ಕಾರ್ಡ್ ಕೊಟ್ಟೆ.

ಮನೆಗೆ ಬಂದು ಭಾವನಿಗೆ ತೋರಿಸಿದರೆ ಅವರು ತಲೆ ಚಚ್ಚಿಕೊಂಡರು. ಆ ಕೊಳೆ ನೀರಿನದ್ದಲ್ಲವಂತೆ, ಕಡ್ಡಿಯದ್ದು. ಕಡ್ಡಿ ಕಬ್ಬಿಣದ್ದು. ಸಾಮಾನ್ಯ ನೀರಿನಲ್ಲಿ ಲವಣ ಕರಗಿರುವುದರಿಂದ ಕರೆಂಟು ಹರಿಯುತ್ತದೆ, ಕಬ್ಬಿಣ ಕರಗಿ ತುಕ್ಕಾಗಿ ತೇಲುತ್ತದೆ. ಫಿಲ್ಟರಿನ ನೀರಿನಲ್ಲಿ ಲವಣ ಕಡಿಮೆ, ಕರೆಂಟು ಹರಿಯುವುದೇ ಕಷ್ಟ, ಹಾಗಾಗಿ ತಿಳಿ. ಒಂದು ಚಿಟಿಕೆ ಉಪ್ಪು ಹಾಕಿದ್ದರೆ ಅವನ ಮಷಿನ್ನಿನ ನೀರೂ ಕೆಸರಾಗುತ್ತಿತ್ತು. ಹುಡುಗ ನೀರಿನ ಬಗ್ಗೆ ಒಂದು ಸುಳ್ಳೂ ಸರಿಯಾಗಿ ಹೇಳಬೇಕಾಗಿರಲಿಲ್ಲ, ನನ್ನ ಕಣ್ಣೇ ನನಗೆ ಹೇಳಿತು. ಮಂಕುಬೂದಿ ಎರಚುವುದು ಅಂದರೆ ಇದು. ಬ್ಯಾಂಬೂಜಲ್ ಅಂದರೂ ಇದೇ. ಮೋಸ ಹೋದವರು ಸ್ವಲ್ಪ ಗಲಿಬಿಲಿಗೂ ಬಿದ್ದಿರಬೇಕು. ಬರೀ ಜೇಬು ಕತ್ತರಿಸಿದರೆ ಅದು ಬ್ಯಾಂಬೂಜಲ್ ಆಗುವುದಿಲ್ಲ.

ಈ ಪದಕ್ಕೂ ಬಿದಿರಿಗೂ ಸಂಬಂಧ ಇದೆಯೇ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ತಮಾಷೆ ಏನೆಂದರೆ, ಬ್ಯಾಂಬೂ ಎನ್ನುವ ಪದ ಕನ್ನಡದಿಂದಲೇ ಹೋಗಿರಬಹುದು ಎಂದು ಹೇಳುವ ಇಂಗ್ಲಿಷ್ ನಿಘಂಟುಗಳಿವೆ. ಆದರೆ ಬ್ಯಾಂಬೂಜಲ್‌ನಲ್ಲಿ ನಮ್ಮ ಪಾಲಿಲ್ಲ. 1700ರ ಆಸುಪಾಸಿನ ಲಂಡನ್ನಿನ ಬೀದಿಮಾತು ಅದು. 1710ರಲ್ಲಿ, ಗಲಿವರನ ಕತೆ ಬರೆದ ಜೊನಾಥನ್ ಸ್ವಿಫ್ಟ್ ಟ್ಯಾಟ್ಲರ್ ಪತ್ರಿಕೆಯಲ್ಲಿ ಭಾಷೆ ಕೆಡಿಸುತ್ತಿರುವ ಹೊಸ ಪದಗಳ ಮೇಲೆ ಹರಿಹಾಯ್ದಾಗ ಬೈಸಿಕೊಂಡವುಗಳಲ್ಲಿ ಇದೂ ಒಂದು. ಇನ್ನೊಂದು 'ಮಾಬ್', ಅಂದರೆ ದೊಂಬಿ ಜನ. ಮುನ್ನೂರು ವರ್ಷ ಆಯಿತು, ಎರಡೂ ಗಟ್ಟಿಮುಟ್ಟಾಗಿವೆ. ಈಗ ಕನ್ನಡಕ್ಕೆ ಬಂದ ಹೊಸ ಪದಗಳನ್ನು ನೋಡಿ ಹೊಟ್ಟೆ ಉರಿದುಕೊಳ್ಳುವವರಿಗೆ ಇದನ್ನು ಹೇಳಿ.

ಉಳಿದವು, ಬೇಗಬೇಗ

ಹೋಕಸ್ ಪೋಕಸ್ ಅಂದರೆ ನಮ್ಮ ಛೂಮಂತ್ರ. 1634ರಲ್ಲೇ ಜಾದೂ ಕಲಿಸುವ ಇಂಗ್ಲಿಷ್ ಪುಸ್ತಕವೊಂದರ ಹೆಸರಿನಲ್ಲಿ ಇದು ಇತ್ತು. ಅರ್ಥವಿಲ್ಲದ ಮಂತ್ರ, ಹೊಗೆ, ಯಂತ್ರ ಇಟ್ಟುಕೊಂಡು ಕಾಯಿಲೆ ವಾಸಿ ಮಾಡುತ್ತೇನೆ ಅನ್ನುವವರ ಬಗ್ಗೆ ಹೇಳಲು ಚೆನ್ನಾಗಿ ಒಗ್ಗುತ್ತದೆ. ಜನರನ್ನು ನಂಬಿಸಿ ಬೇಸ್ತು ಬೀಳಿಸುವ ಸುಳ್ಳಿಗೆ ಹೇಳುವ ಹೋಕ್ಸ್ ಎನ್ನುವ ಪದ ಇದರ ಮಗು ಇರಬೇಕು ಎನ್ನುತ್ತಾರೆ.

ಹಂಬಗ್ ಅನ್ನು ಹಳೇ ಮೈಸೂರಿನ ಹಿರಿಯರ ಬಾಯಲ್ಲಿ ನೀವೂ ಕೇಳಿರಬಹುದು: 'ಬರೀ ಹಂಬಗ್ ಕಣಯ್ಯಾ ಅವನು'. ಬೂಟಾಟಿಕೆ, ಢೋಂಗಿತನ ಇದಕ್ಕೆ ಸರಿ. ಮೋಸದ ಕೆಲಸಕ್ಕಿಂತ ಮೋಸದ ಮನುಷ್ಯನಿಗೆ ಚೆನ್ನಾಗಿ ಅಂಟುತ್ತದೆ. ಈಗ ಕೇಳಿದರೆ ಅಜ್ಜನ ಕೋಟಿನ ನ್ಯಾಫ್ತಲಿನ್ ಗುಳಿಗೆಯ ವಾಸನೆ, ಅದು ನಿಮಗೆ ಇಷ್ಟವಿದ್ದರೆ ಬಳಸಿ.

ಮಂಕಿ ಬಿಸಿನೆಸ್ ಅಂದರೆ ಕಪಿಚೇಷ್ಟೆ, ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಫ್ಲಿಮ್‌ಫ್ಲ್ಯಾಮ್, ಹಾರ್ನ್‌ಸ್ವಾಗಲ್ ಎರಡೂ ಟೋಪಿ ಹಾಕುವುದಕ್ಕೇ ಇರುವ ಪದಗಳು, ಓದಿ ಆನಂದಿಸಿ, ಬರೆಯಲು ಹೋಗಬೇಡಿ. ಓದುವವರ ಗಮನ ಪದದ ಮೇಲೆ ಹೋಗಿ ವಿಷಯ ಅಲ್ಲೇ ಬಿದ್ದುಹೋಗುತ್ತದೆ.

ನಮ್ಮ ಕಡೆಯಿಂದ ಹೋದವು, ಬಂದವು

ಇದರ ಜೊತೆ ಭಾರತದ ಇಂಗ್ಲಿಷಿಗೆ ಅದರದ್ದೇ ಸಾಮಾನುಗಳಿವೆ, ಅವು ಹೊರಗೆ ಹೋದಾಗ ಎಡವಟ್ಟಾಗುತ್ತದೆ. ಸ್ಕ್ಯಾಮ್ ತೆಗೆದುಕೊಳ್ಳಿ. 1992ರಲ್ಲಿ ಷೇರುಪೇಟೆಯ ದಲ್ಲಾಳಿ ಹರ್ಷದ್ ಮೆಹ್ತಾನ ಪ್ರಕರಣದಿಂದ ನಮ್ಮ ಮನೆಮನೆಗೆ ಬಂದ ಪದ. ಇಲ್ಲಿ ಅದರ ಅರ್ಥ ಹಗರಣ, ಕೋಟಿಗಟ್ಟಲೆ, ಮಂತ್ರಿ, ತನಿಖೆ. ಅಮೆರಿಕದವರಿಗೆ ಸ್ಕ್ಯಾಮ್ ಅಂದರೆ ಹೆಚ್ಚಾಗಿ ಫೋನ್ ಮಾಡಿ ಒಟಿಪಿ ಕೇಳುವ ಥರದ್ದು, ಒಬ್ಬೊಬ್ಬರನ್ನೇ ಹಿಡಿದು ದೋಚುವುದು.

'ಫೋರ್ ಟ್ವೆಂಟಿ' ಇನ್ನೂ ಅಪಾಯ. 1860ರ ಭಾರತೀಯ ದಂಡ ಸಂಹಿತೆಯಲ್ಲಿ ವಂಚನೆಯ ಕಲಂ 420 ಇದ್ದದ್ದರಿಂದ ನಮಗೆ ಮೋಸಗಾರ ಅಂದರೆ ಫೋರ್ ಟ್ವೆಂಟಿ. 2024ರ ಜುಲೈ 1ರಿಂದ ಹೊಸ ಕಾನೂನಿನಲ್ಲಿ ವಂಚನೆ 318ನೇ ಕಲಮಿಗೆ ಹೋಗಿದೆ, ಆದರೆ 'ಅವನೊಬ್ಬ ತ್ರೀ ಏಟೀನ್' ಅಂತ ಯಾರಾದರೂ ಬೈದದ್ದನ್ನು ನಾನಿನ್ನೂ ಕೇಳಿಲ್ಲ. ಅಮೆರಿಕದಲ್ಲಿ ಫೋರ್ ಟ್ವೆಂಟಿ ಅಂದರೆ ಗಾಂಜಾ. ಅಲ್ಲಿರುವ ನಿಮ್ಮ ತಂಗಿಯ ಮನೆಯ ಓನರ್ ಬಗ್ಗೆ ಅವನೆದುರೇ ಈ ಮಾತು ಆಡಿದರೆ ಏನಾಗಬಹುದು ಯೋಚಿಸಿ.

ಹಾಗೇ ಥಗ್. ನಮ್ಮ ಠಕ್ಕನ ಹತ್ತಿರದ ನೆಂಟ, ಹಿಂದಿಯಿಂದ ಇಂಗ್ಲಿಷಿಗೆ ಹೋದವನು. ಇಲ್ಲಿದ್ದಾಗ ಮಾತಿನಲ್ಲಿ ಮರುಳು ಮಾಡುವ ಮೋಸಗಾರ. ಅಲ್ಲಿ ಹೋಗಿ ಮೈ ಬೆಳೆಸಿ ರೌಡಿಯಾದ. ಯಾಮಾರಿಸಿದವನನ್ನು ಥಗ್ ಎಂದು ಬರೆದರೆ ಓದಿದವರು ಅವನು ನಿಮಗೆ ಹೊಡೆದ ಅಂದುಕೊಳ್ಳುತ್ತಾರೆ.

ಇಂಗ್ಲಿಷಿನವರಿಗೆ ಕೊಡಬೇಕಾದದ್ದು ನಮ್ಮಲ್ಲೂ ಒಂದಿದೆ. 'ಪೊಲೀಸರಿಗೆ ಚಳ್ಳೆಹಣ್ಣು ತಿನ್ನಿಸಿ ಪರಾರಿ' ಅಂತ ಪತ್ರಿಕೆಗಳಲ್ಲಿ ಬರುತ್ತದಲ್ಲ. ಚಳ್ಳೆಹಣ್ಣನ್ನು ಕೈಯಲ್ಲಿ ಹಿಸುಕಿ ನೋಡಿದವರಿಗೆ ಗೊತ್ತು, ಬೆರಳೆಲ್ಲ ಅಂಟಂಟು, ಹಳ್ಳಿ ಶಾಲೆಯಲ್ಲಿ ನಾವು ಪುಸ್ತಕಕ್ಕೆ ಬೈಂಡ್ ಹಾಕಲು ಅದನ್ನೇ ಗೋಂದು ಮಾಡಿಕೊಳ್ಳುತ್ತಿದ್ದೆವು. ಅದನ್ನು ತಿಂದವನ ಬಾಯಿ ಅಂಟಿಕೊಂಡಿರುವಾಗ ಇವನು ಗೋಡೆ ಹಾರಿರುತ್ತಾನೆ. ಇದರ ಮುಂದೆ ಹಾರ್ನ್‌ಸ್ವಾಗಲ್ ಯಾವ ಲೆಕ್ಕ?

ಪತ್ರ ಏನಾಯಿತು

ಇಷ್ಟೆಲ್ಲ ಹುಡುಕಿದ ಮೇಲೆ ನಾನು 'ಜಿಗರಿ ಪೋಕರಿ' ಎಂದು ತೀರ್ಮಾನ ಮಾಡಿದ್ದೆ. ಬಿಲ್ಲಿನ ಅಂಕಿಯ ವಿಷಯ ತಾನೇ, ಅಳತೆಗೆ ಹೊಲಿಸಿದ ಹಾಗೆ ಹೊಂದುತ್ತದೆ. ಮೂರನೇ ಮಹಡಿಯಲ್ಲಿ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಇದ್ದಾರೆ, ಅವರಿಗೆ ತೋರಿಸಿದೆ. ಕನ್ನಡಕ ಮೂಗಿನ ತುದಿಗೆ ಇಳಿಸಿ ಎರಡು ಸಲ ಓದಿದರು.

'ಪದ ಚೆನ್ನಾಗಿದೆಯಮ್ಮಾ. ಆದ್ರೆ ನಿನಗೆ ಪದ ಬೇಕೋ, ಒಂಬತ್ತು ಟ್ಯಾಂಕರ್ ದುಡ್ಡು ಬೇಕೋ?'

'ದುಡ್ಡು ಮೇಷ್ಟ್ರೇ.'

'ಹಾಗಾದ್ರೆ ಬಿಲ್ 31, ಪುಸ್ತಕ 22, ವ್ಯತ್ಯಾಸ 9, ಚಲನ್ ತೋರಿಸಿ ಅಂತ ಬರಿ. ಇದನ್ನ ಹಾಕಿದ್ರೆ ಅವರು ಉತ್ತರ ಕೊಡೋದು ಪದಕ್ಕೆ.'

ಹಾಗೇ ಬರೆದೆ. ನಾಲ್ಕು ಸಾಲು, ಎಲ್ಲವೂ ಅಂಕಿ. ಮೂರು ದಿನ ಬಿಟ್ಟು ವಾಟ್ಸಾಪ್ ಗುಂಪಿನಲ್ಲಿ ಖಜಾಂಚಿಯವರ ಉತ್ತರ ಬಂತು, ಕೊನೆಯಲ್ಲಿ ಒಂದು ನಗುಮುಖದ ಚಿಹ್ನೆಯ ಜೊತೆ. ರಾತ್ರಿ ಹೊತ್ತು ಬಂದ ಟ್ಯಾಂಕರ್‌ಗಳನ್ನು ವಾಚ್‌ಮನ್ ಬರೆದಿಲ್ಲವಂತೆ, ಚಲನ್ ಹುಡುಕಿಸುತ್ತಿದ್ದಾರಂತೆ, ದಯವಿಟ್ಟು ಎಲ್ಲರೂ ನಂಬಬೇಕಂತೆ: 'ನೋ ಶೆನ್ಯಾನಿಗನ್ಸ್ ಫ್ರಮ್ ಅವರ್ ಸೈಡ್'. ನಾನು ಅಳಿಸಿದ ಪದವನ್ನು ಅವರೇ ಎತ್ತಿಕೊಂಡು ಬಂದಿದ್ದರು. ಕೆಳಗೆ ಹದಿನಾಲ್ಕು ಜನ ಹೆಬ್ಬೆಟ್ಟು ಒತ್ತಿದ್ದರು. ಚಲನ್ ಇನ್ನೂ ಸಿಕ್ಕಿಲ್ಲ.